ಜೇನುಕೋಶದ ಗೋಡೆಗೆ ಅಂಟಿದ ತತ್ತಿ ಕಂಡರೆ ರಾಣಿ ಕೊಳ್ಳಲು ಓಡಬೇಡಿ

ಗದಗ ಕಡೆಯ ಸೂರ್ಯಪಾನದ (ಸೂರ್ಯಕಾಂತಿ) ಹೊಲಕ್ಕೆ ಜೇನುಪೆಟ್ಟಿಗೆ ಒಯ್ಯುವಾಗ ರಾಣಿ ಸಾಯುವುದುಂಟು. ಟಂಟಂ ಕುಲುಕಾಟಕ್ಕೆ ಎರಿಗಳ (ಕೋಶಗಳಿರುವ ಮೇಣದ ತಟ್ಟೆಗಳ) ನಡುವೆ ಸಿಕ್ಕು ನಜ್ಜಾಗುತ್ತದೆ. ಮೂರ್ನಾಲ್ಕು ವಾರ ಯಾರೂ ಮುಚ್ಚಳ ತೆಗೆಯದಿದ್ದರೆ ಆಳುಜೇನುಗಳೇ ತತ್ತಿ ಇಡತೊಡಗುತ್ತವೆ. ಇದು ಮೆಲ್ಲಿಫೆರಾದ, ಅಂದರೆ ಹೊರಗಿಂದ ಬಂದ ಸಾಕುಜೇನಿನ ಲೆಕ್ಕ. ನಮ್ಮ ನಾಡಿನ ತುಡುವೆ ಜೇನಿಗೆ ಒಂದೆರಡು ವಾರವೇ ಸಾಕು.

ಬಿಸಿಲಿಗೆ ಬೆನ್ನು ಕೊಟ್ಟು ಎರಿ ಹಿಡಿಯಿರಿ. ಬೆಳಕು ಹೆಗಲ ಮೇಲಿಂದ ಕೋಶದ ತಳಕ್ಕೆ ಬೀಳಬೇಕು. ಒಂದೇ ಕೋಶದಲ್ಲಿ ಮೂರು, ನಾಲ್ಕು, ಐದು ತತ್ತಿ. ಕೆಲವು ಗೋಡೆಗೇ ಅಂಟಿರುತ್ತವೆ. ಆಳುಜೇನಿನ ಹೊಟ್ಟೆ ಗಿಡ್ಡ, ತಳ ಮುಟ್ಟುವುದಿಲ್ಲ. ಹೊಸ ರಾಣಿಯೂ ಮೊದಲ ಕೆಲ ದಿನ ಎರಡೆರಡು ಇಟ್ಟೀತು, ಆದರೆ ತಳದಲ್ಲೇ. ವಾರ ಬಿಟ್ಟು ನೋಡಿದರೆ ಗುಮಾನಿ ಉಳಿಯುವುದಿಲ್ಲ: ಆಳುಕೋಶಗಳ ಮೇಲೆ ಅಲ್ಲೊಂದು ಇಲ್ಲೊಂದು ಉಬ್ಬಿದ ಮುಚ್ಚಳ, ಒಳಗೆಲ್ಲ ಗಂಡುಮರಿ. ತುಡುವೆಯಾದರೆ ಆ ಮುಚ್ಚಳದ ತುದಿಗೆ ಸೂಜಿಮೊನೆಯಷ್ಟು ತೂತು.

ಈ ಹಂತದಲ್ಲಿ ರಾಣಿ ತಂದು ಬಿಟ್ಟರೆ ದುಡ್ಡು ನೀರುಪಾಲು. ತಮಗೆ ರಾಣಿ ಇದ್ದಂತೆಯೇ ನಡೆದುಕೊಳ್ಳುವ ಜೇನುಗಳು ಹೊಸದನ್ನು ಉಂಡೆಗಟ್ಟಿ ಕೊಲ್ಲುತ್ತವೆ. ತತ್ತಿ ಇಡುವ ಆಳು ಒಂದೆರಡಲ್ಲ, ಹುಡುಕಿ ತೆಗೆಯಲಾಗದು. ಅವುಗಳ ಅಂಡಾಶಯವನ್ನು ಮತ್ತೆ ಅಡಗಿಸಬಲ್ಲದ್ದು ಮುಚ್ಚಳ ಬೀಳದ ಮರಿಗಳ ವಾಸನೆ. ಹಾಗಾಗಿ ಗಟ್ಟಿ ಕುಟುಂಬದಿಂದ ತತ್ತಿ, ಎಳೆಮರಿ ತುಂಬಿದ ಎರಿಯೊಂದನ್ನು ತೆಗೆದು, ಅದರ ಮೇಲೆ ರಾಣಿ ಇಲ್ಲವೆಂದು ಎರಡು ಸಲ ನೋಡಿ, ಜೇನನ್ನೆಲ್ಲ ಬ್ರಷ್‌ನಿಂದ ಸವರಿ, ರಾಣಿಯಿಲ್ಲದ ಪೆಟ್ಟಿಗೆಯಲ್ಲಿ ಮರಿ ಬೆಳೆಯುವ ಸಂಸಾರ ಕೋಣೆಯ ನಡುವೆ ಇಡಿ. ವಾರಕ್ಕೊಂದರಂತೆ ಮೂರು ವಾರ, ಕೆಲವೊಮ್ಮೆ ನಾಲ್ಕು. ತುಡುವೆಗೆ ತುಡುವೆಯದೇ ಎರಿ ಆಗಬೇಕು.

ಮೊದಲ ಎರಿಯಲ್ಲಿ ಏನೂ ಕಾಣದಿದ್ದರೆ ಗಾಬರಿ ಬೇಡ. ಎರಡನೆಯದರಲ್ಲೋ ಮೂರನೆಯದರಲ್ಲೋ ಶೇಂಗಾಬುಡ್ಡಿಯಂತೆ ಜೋತ ರಾಣಿಕೋಶ ಬರುತ್ತದೆ. ಹಳೆ ಎರಿಯಲ್ಲಿ ಕಂಡ ಕೋಶ ನಂಬಬೇಡಿ, ಗಂಡುಮರಿಯ ಮೇಲೇ ಕಟ್ಟಿರುತ್ತವೆ. ಆಮೇಲೆ ಮೂರು ವಾರ ಪೆಟ್ಟಿಗೆ ಕೆದಕದಿರುವುದೇ ಕಷ್ಟದ ಕೆಲಸ. ರಾಣಿ ಹೊರಬಂದು, ಕೂಡಿ, ತತ್ತಿ ಇಡಲು ಅಷ್ಟು ಬೇಕು. ಸುತ್ತಲ ಪೆಟ್ಟಿಗೆಗಳಲ್ಲಿ ಗಂಡುಜೇನು ಹಾರಾಡುತ್ತಿರಬೇಕು, ಇಲ್ಲದಿದ್ದರೆ ಪಟ್ಟ ಪಾಡೆಲ್ಲ ದಂಡ. ಹೂ ಕಡಿಮೆಯಿದ್ದರೆ ಕಿಲೋ ಸಕ್ಕರೆಗೆ ಲೀಟರ್ ನೀರಿನ ಪಾಕವನ್ನು ಸಂಜೆ ಒಳಗಿಡಿ. ಹೊರಗೆ ಚೆಲ್ಲಿದರೆ ಪಕ್ಕದವು ಕದಿಯಲು ಬರುತ್ತವೆ.

ಜೇನು ಮೂರು ಎರಿಯನ್ನೂ ಮುಚ್ಚದಷ್ಟು ಕಡಿಮೆಯಿದ್ದರೆ ಇದಾವುದೂ ಬೇಡ. ಒಳ್ಳೆ ಕುಟುಂಬದ ಮರಿಗಳನ್ನು ಸುಮ್ಮನೆ ಕಳೆದಂತೆ. ಬಿಸಿಲೇರಿದ ಮೇಲೆ ಪೆಟ್ಟಿಗೆಯನ್ನು ಇಪ್ಪತ್ತು ಮೂವತ್ತು ಮೀಟರ್ ಆಚೆ ಒಯ್ದು ಜೇನನ್ನೆಲ್ಲ ಕೊಡವಿ, ಹಳೆ ಜಾಗದ ಸ್ಟ್ಯಾಂಡನ್ನೂ ಕಿತ್ತುಬಿಡಿ. ಮರಳಿದವು ಪಕ್ಕದ ಪೆಟ್ಟಿಗೆಗಳಿಗೆ ಹಂಚಿಹೋಗುತ್ತವೆ. ತತ್ತಿ ಇಡುವ ಆಳುಗಳಿಗೆ ಹಾರಲು ಬಾರದೆಂಬ ಮಾತು ಸುಳ್ಳು. ಅವೂ ಬರುತ್ತವೆ, ಆದರೆ ರಾಣಿ, ಮರಿ ಎರಡೂ ಇರುವ ಮನೆಯಲ್ಲಿ ಅವುಗಳ ಆಟ ನಡೆಯದು. ಉಳಿದ ಎರಿಗಳಿಗೆ ಮೇಣದ ಹುಳ ಬೀಳುವ ಮೊದಲು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಗಟ್ಟಿ ಕುಟುಂಬಗಳಿಗೆ ಒಂದೊಂದು ಕೊಡಿ. ಸತ್ತ ಗಂಡುಮರಿಗಳನ್ನು ಅವೇ ಎಳೆದು ಹೊರಗೆ ಹಾಕುತ್ತವೆ.