ಗಾಳಿಗೂ ಅಂಕ ಕೊಡುವ ಊರುಗಳು

ಕಾಲಿಗೆ ಸ್ಕೀ ಕಟ್ಟಿ, ಗುಡ್ಡದ ಜಾರುಹಾದಿಯಿಂದ ನೆಗೆದು ದೂರ ಹಾರುವ ಆಟ ಸ್ಕೀ ಜಂಪಿಂಗ್. ಅದರ ವಿಶ್ವಕಪ್ 2023–24ರಲ್ಲಿ ನವೆಂಬರ್ ಕೊನೆಗೆ ಫಿನ್ಲೆಂಡಿನ ರೂಕಾದಲ್ಲಿ ಶುರುವಾಗಿ ಮಾರ್ಚ್ ಕೊನೆಗೆ ಸ್ಲೊವೇನಿಯಾದ ಪ್ಲಾನಿತ್ಸಾದಲ್ಲಿ ಮುಗಿಯಿತು. ನಡುವೆ ನಾರ್ವೆ, ಸ್ವಿಟ್ಜರ್ಲೆಂಡ್, ಪೋಲೆಂಡ್, ಜಪಾನ್, ಅಮೆರಿಕ ಎಂದು ಆಟಗಾರರು ಚಳಿಗಾಲವಿಡೀ ಸುತ್ತುತ್ತಾರೆ. ಅಷ್ಟನ್ನೂ ಬೆನ್ನಟ್ಟುವುದು ನನ್ನಿಂದಾಗದ ಕೆಲಸ. ಆ ಋತುವಿನಲ್ಲಿ ನಾನು ಆರಿಸಿಕೊಂಡದ್ದು ಎರಡೇ ಭಾಗ: ಹೊಸ ವರ್ಷದ ಆಚೀಚೆ ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ ನಡೆಯುವ ನಾಲ್ಕು ಗುಡ್ಡಗಳ ಪಂದ್ಯಾವಳಿ, ಆಮೇಲೆ ಪ್ಲಾನಿತ್ಸಾದ ಕೊನೆಯ ವಾರಾಂತ್ಯ. ಈ ಕ್ರೀಡೆಯ ಹಬ್ಬ ಮತ್ತು ಬೀಳ್ಕೊಡುಗೆ ಎರಡೂ ಅಲ್ಲಿವೆ.

ಇಮ್ಮೆನ್‌ಸ್ಟಾಟ್‌ನಿಂದ ದಕ್ಷಿಣಕ್ಕೆ ಹೋಗುವ ರೈಲು ಓಬರ್ಸ್ಟ್‌ಡಾರ್ಫ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹಳಿಯೇ ಇಲ್ಲ, ಬೆಟ್ಟಗಳು ಅಡ್ಡ ನಿಂತಿವೆ. ನಿಲ್ದಾಣದಿಂದ ಷಾಟನ್‌ಬರ್ಗ್ ಗುಡ್ಡದ ಕಡೆಗೆ ದಾರಿ ಕೇಳಬೇಕಾಗಿಲ್ಲ. ಬಾವುಟ ಹೊದ್ದವರು, ಕೊರಳಿಗೆ ಗಂಟೆ ಕಟ್ಟಿಕೊಂಡವರು, ಅಪ್ಪನ ಹೆಗಲೇರಿದ ಮಕ್ಕಳು ಎಲ್ಲರೂ ಒಂದೇ ದಿಕ್ಕಿಗೆ ನಡೆಯುತ್ತಿರುತ್ತಾರೆ. ನಾಲ್ಕರಲ್ಲಿ ಮೊದಲ ಪಂದ್ಯ ಇಲ್ಲೇ, ಡಿಸೆಂಬರ್ 29ರ ಸಂಜೆ, ದೀಪದ ಬೆಳಕಿನಲ್ಲಿ.

ಟಿವಿಯಲ್ಲಿ ನೋಡಿದವರಿಗೆ ಈ ಆಟದ ಮುಖ್ಯ ಸಂಗತಿಯೊಂದು ಗೊತ್ತೇ ಆಗುವುದಿಲ್ಲ. ಜಾರುಹಾದಿಯ ತುದಿ ಆಟಗಾರನನ್ನು ಮೇಲಕ್ಕೆ ಚಿಮ್ಮಿಸುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಪಕ್ಕದಲ್ಲಿ ನಿಂತು ನೋಡಿದರೆ ಆ ತುದಿ ಕೆಳಮುಖವಾಗಿಯೇ ಇದೆ, ಸುಮಾರು ಹನ್ನೊಂದು ಡಿಗ್ರಿಯಷ್ಟು. ಗಂಟೆಗೆ ತೊಂಬತ್ತು ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಕುಕ್ಕರಗಾಲಲ್ಲಿ ಜಾರಿ ಬರುವವನು ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಕಾಲು ನೀಡಿ ನೆಗೆಯಬೇಕು. ಒಂದು ಕ್ಷಣ ಮುಂಚೆ ಎದ್ದರೆ ಬಲವೆಲ್ಲ ಹಾದಿಯ ಮೇಲೆಯೇ ಖರ್ಚಾಗುತ್ತದೆ. ತಡವಾದರೆ ತುದಿ ದಾಟಿದ ಮೇಲೆ ಒದೆಯಲು ನೆಲವೇ ಇರುವುದಿಲ್ಲ. ಉಳಿದದ್ದೆಲ್ಲ ಗಾಳಿಯ ಜೊತೆಗಿನ ವ್ಯವಹಾರ. ಸ್ಕೀಗಳನ್ನು ವಿ ಆಕಾರಕ್ಕೆ ಅಗಲಿಸಿ, ಎದೆಯನ್ನು ಅವುಗಳ ನಡುವೆ ಚಾಚಿ, ಆತ ಗಾಳಿಯ ಮೇಲೆ ಒರಗುತ್ತಾನೆ. ಸ್ವೀಡನ್ನಿನ ಯಾನ್ ಬೋಕ್ಲೊವ್ 1980ರ ದಶಕದಲ್ಲಿ ಹೀಗೆ ಹಾರತೊಡಗಿದಾಗ ತೀರ್ಪುಗಾರರು ಶೈಲಿ ಕೆಟ್ಟದೆಂದು ಅಂಕ ಕಡಿದರು. ಆದರೂ 1988–89ರ ವಿಶ್ವಕಪ್ ಅವನದಾಯಿತು. ಕೆಲವೇ ವರ್ಷಗಳಲ್ಲಿ ಎಲ್ಲರೂ ಅವನ ದಾರಿ ಹಿಡಿದರು.

ಗುಡ್ಡದ ಮಧ್ಯದ ಮೆಟ್ಟಿಲ ಬಳಿ ನಿಂತಾಗ ನನಗೆ ಮೊದಲು ಸಿಕ್ಕಿದ್ದು ಶಬ್ದ. ಹಗ್ಗದ ಮೇಲೆ ಒಣಹಾಕಿದ ಬಟ್ಟೆ ಜೋರುಗಾಳಿಗೆ ಪಟಪಟಿಸಿದಂಥ ಸದ್ದು ತಲೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಅದು ಆಟಗಾರನ ಉಡುಪು. ನಾನು ತಿರುಗುವಷ್ಟರಲ್ಲಿ ಅವನು ಕೆಳಗೆ, ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸಿ ಹಿಮಕ್ಕೆ ತಾಗಿರುತ್ತಾನೆ. ಆ ಇಳಿಯುವ ಭಂಗಿಗೆ ಟೆಲಿಮಾರ್ಕ್ ಎನ್ನುತ್ತಾರೆ. ಎರಡೂ ಕಾಲು ಜೋಡಿಸಿ ಇಳಿದರೆ ಐವರು ತೀರ್ಪುಗಾರರೂ ಅಂಕ ಕಳೆಯುತ್ತಾರೆ. ಐದರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಮೂರನ್ನು ಕೂಡುತ್ತಾರೆ. ದೂರಕ್ಕೆ ಬೇರೆ ಲೆಕ್ಕ: ಗುಡ್ಡಕ್ಕೊಂದು ನಿಗದಿತ ಬಿಂದುವಿದೆ; ಇಲ್ಲಿನಂಥ ದೊಡ್ಡ ಗುಡ್ಡಗಳಲ್ಲಿ ಅಲ್ಲಿಗೆ ತಲುಪಿದರೆ 60 ಅಂಕ, ಅದರಾಚೆಯ ಒಂದೊಂದು ಮೀಟರಿಗೆ 1.8 ಸೇರುತ್ತದೆ, ಈಚೆಗಾದರೆ ಅಷ್ಟೇ ಕಳೆಯುತ್ತದೆ.

ಇದರ ಮೇಲೆ ಗಾಳಿಯ ಅಂಕ. ಇಳಿಜಾರಿನುದ್ದಕ್ಕೂ ಮಾಪಕಗಳು ನಿಂತಿವೆ. ಎದುರುಗಾಳಿ ಆಟಗಾರನನ್ನು ಎತ್ತಿ ಹಿಡಿಯುತ್ತದೆ, ಹಾಗಾಗಿ ಅವನ ಲೆಕ್ಕದಿಂದ ಅಂಕ ಕಳೆಯುತ್ತಾರೆ. ಹಿಂಗಾಳಿ ಅವನನ್ನು ಕೆಳಕ್ಕೆ ಒತ್ತುತ್ತದೆ, ಅದಕ್ಕೆ ಪರಿಹಾರ ಕೂಡಿಸುತ್ತಾರೆ. ಹೊರಡುವ ಗೇಟನ್ನು ಮೇಲೆ ಕೆಳಗೆ ಸರಿಸಿದರೂ ಇಂಥದೇ ಲೆಕ್ಕ. ಇದರಿಂದ ದೂರ ಹಾರಿದವನು ಕೆಳಗೆ ನಿಂತು ಪರದೆ ನೋಡುತ್ತಾ ಸೋಲುವುದುಂಟು. ಇದು ಆಟದ ಸೊಗಸನ್ನು ಕೆಡಿಸಿತು ಎನ್ನುವವರು ಗುಡ್ಡದ ಬುಡದಲ್ಲಿ ನನಗೆ ಹಲವರು ಸಿಕ್ಕರು. ನನಗೆ ಹಾಗನ್ನಿಸಲಿಲ್ಲ. ಇಬ್ಬರಿಗೆ ಒಂದೇ ಗಾಳಿ ಎಂದೂ ಸಿಗದ ಆಟವಿದು. ಆ ಅನ್ಯಾಯವನ್ನು ಅದೃಷ್ಟವೆಂದು ಕೈಬಿಡದೆ ಅಳೆಯಲು ಹೊರಟಿದ್ದಾರಲ್ಲ, ಅದು ಆಟಗಾರನ ಶ್ರಮಕ್ಕೆ ಸಲ್ಲುವ ಗೌರವ.

ಆ ಸಂಜೆ ಗೆದ್ದದ್ದು ಜರ್ಮನಿಯ ಆಂಡ್ರಿಯಾಸ್ ವೆಲಿಂಗರ್. ಗುಡ್ಡವೇ ನಡುಗುವ ಹಾಗೆ ಜನ ಕೂಗಿದರು, ಏಕೆಂದರೆ 2001–02ರಲ್ಲಿ ಸ್ವೆನ್ ಹಾನವಾಲ್ಡ್ ನಾಲ್ಕಕ್ಕೆ ನಾಲ್ಕೂ ಗುಡ್ಡ ಗೆದ್ದು ಪ್ರಶಸ್ತಿ ಎತ್ತಿದ ಮೇಲೆ ಜರ್ಮನಿಗೆ ಈ ಪಂದ್ಯಾವಳಿ ಒಲಿದಿಲ್ಲ. ಎರಡನೆಯವನಾಗಿ ಜಪಾನಿನ ರ್ಯೋಯು ಕೊಬಯಾಶಿ ನಿಂತಿದ್ದ. ಅವನ ಕಡೆ ಆವತ್ತು ಯಾರೂ ಹೆಚ್ಚು ನೋಡಲಿಲ್ಲ.

ಜನವರಿ 1ರ ಮಧ್ಯಾಹ್ನ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್. 1936ರ ಚಳಿಗಾಲದ ಒಲಿಂಪಿಕ್ಸ್ ನಡೆದ ಕ್ರೀಡಾಂಗಣವಿದು. ಹಳೆಯ ಜಾರುಗೋಪುರವನ್ನು 2007ರಲ್ಲಿ ಸ್ಫೋಟಿಸಿ ಕೆಡವಿ ಹೊಸದನ್ನು ಕಟ್ಟಿದರು. ಹಳೆಯ ಕಲ್ಲುಕಟ್ಟಡದ ನೆತ್ತಿಯ ಮೇಲೆ ಆ ಹೊಸ ಗೋಪುರ ಬಾಗಿ ನಿಂತ ನೋಟ ಚೆನ್ನಾಗಿದೆ, ಆದರೆ ನಾಜಿಗಳ ಆಳ್ವಿಕೆಯಲ್ಲಿ ನಡೆದ 1936ರ ಆ ಕೂಟದ ಇತಿಹಾಸ ನೆನಪಿದ್ದವರಿಗೆ ಅಲ್ಲಿ ನಿಶ್ಚಿಂತೆಯಿಂದ ನಿಲ್ಲುವುದು ಕಷ್ಟ. ಸ್ಲೊವೇನಿಯಾದ ಆಂಝೆ ಲಾನಿಷೆಕ್ ಗೆದ್ದ. ಕೊಬಯಾಶಿ ಮತ್ತೆ ಎರಡನೆಯವ.

ಇಲ್ಲೊಂದು ಮಾತು ಹೇಳಲೇಬೇಕು. ಆ ವರ್ಷ ಮಹಿಳೆಯರಿಗೆ ಇದ್ದದ್ದು ಗಾರ್ಮಿಶ್ ಮತ್ತು ಓಬರ್ಸ್ಟ್‌ಡಾರ್ಫ್ ಎರಡೇ. ಆಸ್ಟ್ರಿಯಾದ ಎರಡು ಗುಡ್ಡಗಳಲ್ಲಿ ಅವರಿಗೆ ಪಂದ್ಯವಿರಲಿಲ್ಲ. ಒಲಿಂಪಿಕ್ಸಿಗೆ ಮಹಿಳಾ ಸ್ಕೀ ಜಂಪಿಂಗ್ ಬಂದದ್ದೇ 2014ರಲ್ಲಿ. ನಾನು ನೋಡಿದ ಈ 2023–24ರ ಋತುವಿನ ಕೊನೆಗೆ ಸ್ಲೊವೇನಿಯಾದ ಹತ್ತೊಂಬತ್ತರ ನಿಕಾ ಪ್ರೆವ್ಟ್ಸ್ ಮಹಿಳೆಯರ ಒಟ್ಟಾರೆ ವಿಶ್ವಕಪ್ ಗೆದ್ದಳು. ಇಂಥವರು ಇರುವಾಗ ನಾಲ್ಕು ಗುಡ್ಡ ಯಾಕೆ ತೆರೆಯಲಿಲ್ಲ ಎಂಬ ಪ್ರಶ್ನೆಗೆ ನನಗೆ ಒಪ್ಪುವ ಉತ್ತರ ಎಲ್ಲೂ ಸಿಗಲಿಲ್ಲ.

ಗಾರ್ಮಿಶ್‌ನಿಂದ ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಮಿಟ್ಟನ್‌ವಾಲ್ಡ್ ರೈಲುಮಾರ್ಗವಿದೆ, 1912ರದು. ಕಾರ್ವೆಂಡೆಲ್ ಬೆಟ್ಟಸಾಲಿನ ಬುಡದಲ್ಲಿ ಏರಿ, ಸೀಫೆಲ್ಡ್ ದಾಟಿ, ಸುರಂಗಗಳ ನಡುವೆ ಇನ್ ನದಿಯ ಕಣಿವೆಗೆ ಇಳಿಯುತ್ತದೆ. ಇಳಿಯುವಾಗ ಬಲಗಡೆಯ ಕಿಟಕಿ ಹಿಡಿದರೆ ಕಣಿವೆಯೆಲ್ಲ ಕಣ್ಣಿಗೆ ಬೀಳುತ್ತದೆ. ಊರ ದಕ್ಷಿಣಕ್ಕೆ ಬೆರ್ಗಿಸೆಲ್ ಗುಡ್ಡ. ಅದರ ಮೇಲಿನ ಗೋಪುರವನ್ನು ವಿನ್ಯಾಸ ಮಾಡಿದವರು ಜಹಾ ಹದೀದ್. ಪಂದ್ಯವಿಲ್ಲದ ದಿನ ಲಿಫ್ಟಿನಲ್ಲಿ ಮೇಲೆ ಹೋಗಬಹುದು, ಅಲ್ಲೊಂದು ಕೆಫೆಯೂ ಇದೆ. ಮೇಲಿನಿಂದ ಕೆಳಗೆ ನೋಡಿದರೆ ಜಾರುಹಾದಿಯ ನೇರಕ್ಕೆ ವಿಲ್ಟನ್ ಬಡಾವಣೆಯ ಸ್ಮಶಾನ ಕಾಣುತ್ತದೆ. ಆಟಗಾರರು ಪ್ರತಿ ಜಿಗಿತಕ್ಕೂ ಮುನ್ನ ಅದನ್ನು ನೋಡುತ್ತಲೇ ಕೂತಿರುತ್ತಾರೆ.

ಈ ಗುಡ್ಡದ ಗಾಳಿ ಯಾರ ಮಾತನ್ನೂ ಕೇಳುವುದಿಲ್ಲ. 2008ರಲ್ಲೂ 2022ರಲ್ಲೂ ಇಲ್ಲಿನ ಪಂದ್ಯವನ್ನೇ ರದ್ದುಮಾಡಿ ಬಿಷೋಫ್ಸ್‌ಹೋಫೆನ್‌ಗೆ ಒಯ್ಯಬೇಕಾಯಿತು. ನಾನಿದ್ದ ದಿನ, ಜನವರಿ 3ರಂದು, ಪಂದ್ಯ ನಡೆಯಿತು. ಆಸ್ಟ್ರಿಯಾದ ಯಾನ್ ಹೋರ್ಲ್ ಗೆದ್ದ. ಕೊಬಯಾಶಿ ಮೂರನೇ ಸಲವೂ ಎರಡನೇ ಸ್ಥಾನ. ಆದರೆ ಅಲ್ಲಿಯವರೆಗೆ ಮುಂದಿದ್ದ ವೆಲಿಂಗರ್ ಅಂದು ಹಿಂದೆ ಬಿದ್ದು, ಎಲ್ಲ ಗುಡ್ಡಗಳ ಅಂಕ ಕೂಡಿಸಿ ಪಂದ್ಯಾವಳಿಯ ವಿಜೇತನನ್ನು ನಿರ್ಧರಿಸುವ ಒಟ್ಟು ಪಟ್ಟಿಯ ಮೊದಲ ಹೆಸರು ಕೊಬಯಾಶಿಯದಾಯಿತು. ಒಂದು ಗುಡ್ಡವನ್ನೂ ಗೆಲ್ಲದೆ ಅವನು ಮುಂದೆ ಬಂದಿದ್ದ.

ಬಿಷೋಫ್ಸ್‌ಹೋಫೆನ್ ರೈಲುಗಳು ಕೂಡುವ ಊರು, ಸಾಧಾರಣ ಪೇಟೆ. ಜನವರಿ 6, ಮೂವರು ರಾಜರ ಹಬ್ಬ, ಆಸ್ಟ್ರಿಯಾದಲ್ಲಿ ರಜೆ. ಇಲ್ಲಿ ಗೋಪುರವಿಲ್ಲ, ಜಾರುಹಾದಿ ಬೆಟ್ಟದ ಮೈಮೇಲೆಯೇ ಮಲಗಿದೆ, ಉದ್ದ, ಉಳಿದವುಗಳಿಗಿಂತ ಸಪಾಟು. ಗುಡ್ಡಕ್ಕೆ ಪಾಲ್ ಆಸರ್‌ಲೈಟ್ನರ್ ಹೆಸರು; ಅವರು 1952ರಲ್ಲಿ ಇಲ್ಲೇ ಬಿದ್ದು ತೀರಿಕೊಂಡ ಆಟಗಾರ. ನನ್ನ ಪಕ್ಕ ನಿಂತಿದ್ದ ಹಿರಿಯ ಮಹಿಳೆಯೊಬ್ಬರು ಈ ಪಂದ್ಯಾವಳಿಗೇ ವಿಶೇಷವಾದ ಜೋಡಿ ಪದ್ಧತಿಯನ್ನು ಬಿಡಿಸಿ ಹೇಳಿದರು. ಮೊದಲ ಸುತ್ತಿನಲ್ಲಿ ಐವತ್ತು ಮಂದಿ ಇಪ್ಪತ್ತೈದು ಜೋಡಿಗಳಾಗಿ ಎದುರುಬದುರಾಗುತ್ತಾರೆ, ಗೆದ್ದವರ ಜೊತೆಗೆ ಸೋತವರಲ್ಲಿ ಒಳ್ಳೆಯ ಐವರು ಎರಡನೇ ಸುತ್ತಿಗೆ ಹೋಗುತ್ತಾರೆ. ಫ್ಲಾಸ್ಕಿನ ಚಹಾವನ್ನು ನನಗೂ ಸುರಿದುಕೊಟ್ಟ ಅವರು ಆಸ್ಟ್ರಿಯಾದ ಆಟಗಾರ ಸ್ಟೆಫಾನ್ ಕ್ರಾಫ್ಟ್‌ನ ಅಪ್ಪಟ ಅಭಿಮಾನಿ. ಅವರ ಆಸೆ ಕೈಗೂಡಿತು, ಆ ದಿನ ಕ್ರಾಫ್ಟೇ ಗೆದ್ದ. ಕೊಬಯಾಶಿ ನಾಲ್ಕನೆಯ ಸಲವೂ ಎರಡನೆಯವ, ಮತ್ತು ಚಿನ್ನದ ಹದ್ದಿನ ಟ್ರೋಫಿ ಅವನ ಕೈಗೆ.

2018–19ರಲ್ಲಿ ಇದೇ ಕೊಬಯಾಶಿ ನಾಲ್ಕೂ ಗುಡ್ಡ ಗೆದ್ದು ಪ್ರಶಸ್ತಿ ಪಡೆದಿದ್ದ. ಈಗ ಒಂದನ್ನೂ ಗೆಲ್ಲದೆ ಪಡೆದ. ನಾಲ್ಕು ಊರು, ನಾಲ್ಕು ಬಗೆಯ ಜಾರುಹಾದಿ, ನಾಲ್ಕು ಬಗೆಯ ಗಾಳಿ, ಎಂಟು ಜಿಗಿತ. ಅವುಗಳಲ್ಲಿ ಒಂದೂ ಕೆಡದ ಹಾಗೆ ನೋಡಿಕೊಂಡದ್ದು ನನ್ನ ಮಟ್ಟಿಗೆ ಎರಡರಲ್ಲಿ ಹೆಚ್ಚಿನ ಸಾಧನೆ. ಪರದೆಯ ಮುಂದೆ ಕೂತಿದ್ದರೆ ಇದು ನನಗೆ ಹೊಳೆಯುತ್ತಿರಲಿಲ್ಲ. ಅಲ್ಲಿ ಗೆದ್ದವನ ಮುಖ ಮಾತ್ರ ತೋರಿಸುತ್ತಾರೆ.

ಮಾರ್ಚ್‌ನಲ್ಲಿ ಪ್ಲಾನಿತ್ಸಾ. ಲುಬ್ಲಿಯಾನಾದಿಂದ ಬಸ್ಸು ಕ್ರಾನ್ಸ್ಕಾ ಗೋರಾ ದಾಟಿ ರಾಟೆಚೆಗೆ ಬರುತ್ತದೆ. ಅಲ್ಲಿಂದ ಕಣಿವೆಯೊಳಗೆ ನಡೆದರೆ ಕಾಡಿನ ಸೆರಗಿನಲ್ಲಿ ಒಂದರ ಪಕ್ಕ ಒಂದು ಎಂಟು ಜಾರುಗುಡ್ಡಗಳು, ಕೊನೆಗೆ ಗೋರಿಷೆಕ್ ಸೋದರರ ಹಾರುಗುಡ್ಡ. ವ್ಲಾಡೊ ಮತ್ತು ಯಾನೆಜ್ ಗೋರಿಷೆಕ್ ಇದನ್ನು 1969ರಲ್ಲಿ ಕಟ್ಟಿದರು. ಇಲ್ಲಿ 200 ಮೀಟರ್ ನಿಗದಿತ ಬಿಂದು. ಉಳಿದ ಕಡೆ ಜಿಗಿತ, ಇಲ್ಲಿ ಹಾರಾಟ. ಗಾಳಿಯಲ್ಲಿ ಕಳೆಯುವ ಹೊತ್ತು ಏಳೆಂಟು ಸೆಕೆಂಡು. ಈ ಕಣಿವೆಗೆ ದಾಖಲೆಗಳ ಚರಿತ್ರೆಯೇ ಇದೆ. 1936ರಲ್ಲಿ ಸೆಪ್ ಬ್ರಾಡ್ಲ್ ನೂರು ಮೀಟರ್ ದಾಟಿದ ಮೊದಲಿಗನಾದದ್ದು ಇಲ್ಲಿ. 1994ರಲ್ಲಿ ಫಿನ್ಲೆಂಡಿನ ಟೋನಿ ನಿಯೆಮಿನೆನ್ 203 ಮೀಟರ್ ಹಾರಿ ಇನ್ನೂರು ದಾಟಿದ್ದೂ ಇಲ್ಲೇ.

ನಾನು ಹೋದ ವರ್ಷ ಜನ ಬಂದದ್ದು ಪೀಟರ್ ಪ್ರೆವ್ಟ್ಸ್‌ಗಾಗಿ. ನಿಕಾಳ ದೊಡ್ಡಣ್ಣ. ಇನ್ನಿಬ್ಬರು ತಮ್ಮಂದಿರು, ತ್ಸೆನೆ ಮತ್ತು ಡೊಮೆನ್, ಇದೇ ಆಟದವರು. 2015ರಲ್ಲಿ ನಾರ್ವೆಯ ವಿಕರ್ಸುಂಡ್‌ನಲ್ಲಿ 250 ಮೀಟರ್ ಮುಟ್ಟಿದ ಮೊದಲ ಮನುಷ್ಯ ಪೀಟರ್. ಆ ದಾಖಲೆ ಒಂದೇ ದಿನ ಉಳಿಯಿತು. 2015–16ರಲ್ಲಿ ಒಂದೇ ಋತುವಿನಲ್ಲಿ 15 ಪಂದ್ಯ ಗೆದ್ದ. ಆಮೇಲೆ ಗಾಯ, ಕೈಕೊಟ್ಟ ಲಯ, ಗೆಲುವಿಲ್ಲದ ವರ್ಷಗಳು. ಈ ಋತುವೇ ಕೊನೆಯದೆಂದು ಘೋಷಿಸಿದ್ದ. ಶುಕ್ರವಾರ, ಮಾರ್ಚ್ 22ರಂದು, ತನ್ನ ನೆಲದಲ್ಲಿ, ತನ್ನ ಜನರೆದುರು ಪೀಟರ್ ಗೆದ್ದುಬಿಟ್ಟ. ನನ್ನ ಸುತ್ತ ದೊಡ್ಡವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಹೆಸರೂ ಭಾಷೆಯೂ ಗೊತ್ತಿಲ್ಲದ ನನಗೂ ಗಂಟಲು ಕಟ್ಟಿತು. ಜಿಗಿಯದವನು ಸ್ಲೊವೇನಿಯಾದವನಲ್ಲ ಎಂದು ಹಾಡುತ್ತಾ ಸಾವಿರಾರು ಮಂದಿ ಹಿಮದಲ್ಲಿ ಕುಪ್ಪಳಿಸಿದಾಗ ನಾನೂ ಕುಪ್ಪಳಿಸಿದೆ.

ಭಾನುವಾರದ ಕೊನೆಯ ಪಂದ್ಯಕ್ಕೆ ಋತುವಿನ ಮೊದಲ ಮೂವತ್ತು ಮಂದಿಗೆ ಮಾತ್ರ ಅವಕಾಶ. ಆಸ್ಟ್ರಿಯಾದ ಡೇನಿಯಲ್ ಹ್ಯೂಬರ್ ಗೆದ್ದ, ಒಟ್ಟಾರೆ ವಿಶ್ವಕಪ್ ಗೆದ್ದವನಿಗೆ ಕೊಡುವ ಸ್ಫಟಿಕ ಗೋಳ ಮೂರನೇ ಬಾರಿ ಕ್ರಾಫ್ಟ್‌ನ ಪಾಲಾಯಿತು. ರೂಕಾದ ಎರಡೂ ಪಂದ್ಯ ಗೆದ್ದು ಋತು ತೆರೆದವನೂ ಅವನೇ. ಪೀಟರ್ ಕೊನೆಯ ಸಲ ಇಳಿದಾಗ ಉಳಿದ ದೇಶಗಳ ಆಟಗಾರರೆಲ್ಲ ಕೆಳಗೆ ಕಾದು ನಿಂತಿದ್ದರು. ಮುಂದಿನ ವರ್ಷ, 2025ರ ಮಾರ್ಚ್ 30ರಂದು, ಡೊಮೆನ್ ಇದೇ ಗುಡ್ಡದಿಂದ 254.5 ಮೀಟರ್ ಹಾರಿ ವಿಶ್ವದಾಖಲೆಯನ್ನು ಮನೆಗೆ ತಂದ.

ಹೋಗುವವರಿದ್ದರೆ ಪ್ಲಾನಿತ್ಸಾದಲ್ಲಿ ಬುಡದ ಜನಜಂಗುಳಿಯಲ್ಲೇ ಇಡೀ ದಿನ ಕಳೆಯಬೇಡಿ. ಬಿಡುವ ಕಡೆಯೆಲ್ಲ ಪಕ್ಕದ ಮೆಟ್ಟಿಲು ಹತ್ತಿ, ಇಳಿಜಾರು ಕಡಿದಾಗುವ ಉಬ್ಬಿನ ಹತ್ತಿರ ನಿಲ್ಲಿ. ಅಲ್ಲಿಂದ ಯಾರು ಎಷ್ಟು ದೂರ ಇಳಿದರೆಂದು ಕಾಣುವುದಿಲ್ಲ, ಕೆಳಗಿನ ಕೂಗಿನಿಂದಲೇ ತಿಳಿದುಕೊಳ್ಳಬೇಕು. ಆದರೆ ಒಬ್ಬ ಮನುಷ್ಯ ಗಾಳಿಯನ್ನು ಹಿಡಿಯುವ ಗಳಿಗೆ ಅಲ್ಲೇ ಕಾಣುವುದು. ಬೆಚ್ಚನೆಯ ಬೂಟು ಹಾಕಿಕೊಳ್ಳಿ, ವಾಪಸ್ ಬಸ್ಸಿಗೆ ತುಸು ಹೆಚ್ಚು ಸಮಯ ಇಟ್ಟುಕೊಳ್ಳಿ; ಗಾಳಿ ಎದ್ದರೆ ತೀರ್ಪುಗಾರರು ಪಂದ್ಯವನ್ನು ತಡೆದು ಕಾಯುತ್ತಾರೆ, ನಿಮಗೂ ಕಾಯಬೇಕಾಗುತ್ತದೆ.