ಟೂತ್‌ಪೇಸ್ಟ್ ಮುಗೀತಾ ಬಂದಿದೆ ಅಂತ ಯಾರಿಗೆ ಗೊತ್ತು?

ಟೂತ್‌ಪೇಸ್ಟ್ ಒಂದೇ ದಿನದಲ್ಲಿ ಮುಗಿಯುವ ವಸ್ತು ಅಲ್ಲ. ಟ್ಯೂಬು ಚಪ್ಪಟೆಯಾಗುತ್ತಾ ಬರುವುದನ್ನು ಮನೆಯವರೆಲ್ಲ ದಿನಾ ಬೆಳಿಗ್ಗೆ ಕೈಯಲ್ಲಿ ಹಿಡಿದೇ ನೋಡಿರುತ್ತಾರೆ. ಆದರೂ ಹೊಸದು ತರಬೇಕು ಅಂತ ಹೊಳೆಯುವುದು ಹೆಚ್ಚಾಗಿ ಅಮ್ಮನಿಗೇ. ಉಳಿದವರು ಜೋರಾಗಿ ಹಿಂಡಿ, ಬಂದಷ್ಟು ತೆಗೆದುಕೊಂಡು, ಅದನ್ನು ಅಲ್ಲೇ ಇಟ್ಟು ಹೋಗುತ್ತಾರೆ. ಮರುದಿನ ಅದೇ ಜಾಗದಲ್ಲಿ ಹೊಸ ಟ್ಯೂಬ್ ಇರುತ್ತದೆ. ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ.

ಇಂಥವು ಒಂದಾ ಎರಡಾ. ಫ್ರಿಡ್ಜಿನ ಬಾಗಿಲ ರಬ್ಬರು ಒಂದು ಮೂಲೆಯಲ್ಲಿ ಸಡಿಲವಾಗಿರುತ್ತದೆ. ಬಕೆಟಿನ ಹಿಡಿ ಇನ್ನೇನು ಕಿತ್ತು ಬರುವಂತಿರುತ್ತದೆ. ಮಗು ಶೂ ಬಿಗಿ ಅಂತ ಬಾಯಿಬಿಟ್ಟು ಹೇಳಿರುವುದಿಲ್ಲ, ಆದರೆ ಹಿಮ್ಮಡಿ ಹತ್ತಿರ ತುಳಿದು ತುಳಿದು ಶೂ ಮಡಚಿಕೊಂಡಿರುತ್ತದೆ, ಅದನ್ನು ನೋಡಿಯೇ ಅಮ್ಮ ಸೈಜ್ ಬದಲಾಗಿದೆ ಅಂತ ಲೆಕ್ಕ ಹಾಕಿಬಿಟ್ಟಿರುತ್ತಾಳೆ.

ಟವೆಲ್ ವಿಷಯ ಅಂತೂ ನನಗೆ ಬಹಳ ಇಷ್ಟ. ಒಗೆದು ಒಣಗಿಸಿದ ಟವೆಲ್ಲೇ, ಸ್ವಲ್ಪ ಒದ್ದೆಯಾದರೆ ಸಾಕು, ಮುಗ್ಗಲು ವಾಸನೆ. ಅಮ್ಮ ಮೂಸಿ ನೋಡಿ 'ಇದನ್ನು ಬಿಸಿನೀರಿಗೆ ಹಾಕಬೇಕು' ಅಂತಾಳೆ. ಬಳಸುವವರು 'ಏನೂ ಇಲ್ವಲ್ಲ, ಚೆನ್ನಾಗೇ ಇದೆ' ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ವಾಸನೆ ಮತ್ತೆ ಮತ್ತೆ ಬರುತ್ತಿದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ, ಹಾಗಾಗಿ ತನ್ನ ಟವೆಲ್ಲಿನ ವಾಸನೆ ತನಗೇ ತಿಳಿಯುವುದಿಲ್ಲ. ಎಲ್ಲರ ಟವೆಲ್ಲನ್ನೂ ಕೈಗೆತ್ತಿಕೊಳ್ಳುವವಳಿಗೆ ಮಾತ್ರ ತಿಳಿಯುತ್ತದೆ. ಆ ವಾಸನೆಗೆ ಮೊರಾಕ್ಸೆಲ್ಲಾ ಆಸ್ಲೊಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ ಒಂದು ಮುಖ್ಯ ಕಾರಣ ಅಂತ ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಒಣಗಿದರೂ ಅದು ಸುಲಭಕ್ಕೆ ಸಾಯುವುದಿಲ್ಲವಂತೆ. ಬ್ಯಾಕ್ಟೀರಿಯಾದ ಹೆಸರು ಗೊತ್ತಿಲ್ಲದೆಯೂ ಬಿಸಿನೀರಿನ ಉಪಾಯ ಗೊತ್ತಿದ್ದವರು ಎಷ್ಟು ಜನ ಇದ್ದರೋ.

ಒಲೆಯ ಉರಿಯೂ ಹಾಗೇ. ನೀಲಿ ಇರಬೇಕಾದ್ದು ಹಳದಿಯಾಗುತ್ತಿದೆ ಅಂದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ, ಬರ್ನರ್ ಕಟ್ಟಿಕೊಂಡಿರಬಹುದು. ಪಾತ್ರೆಯ ತಳ ಕಪ್ಪಾಗುತ್ತಿದೆ ಅನ್ನುವುದು ತಿಕ್ಕುವ ಕೈಗೆ ಮೊದಲು ಗೊತ್ತಾಗುತ್ತದೆ, ಅಲ್ವಾ? ರಿಮೋಟಿನ ಹಿಂದಿನ ಮುಚ್ಚಳ ಕಾಣೆಯಾಗಿದ್ದು ಉಳಿದವರಿಗೆ ಸುಮ್ನೆ ಒಂದು ಕಿರಿಕಿರಿ. ಮನೆಯಲ್ಲಿ ಪುಟ್ಟ ಮಗು ಇದ್ದರೆ ಅಮ್ಮನಿಗೆ ಅದು ಬೇರೆಯೇ ವಿಷಯ, ಯಾಕೆಂದರೆ ಕೆಲವು ರಿಮೋಟುಗಳ ಒಳಗಿರುವ ಬಟನ್ ಬ್ಯಾಟರಿಯನ್ನು (ನಾಣ್ಯದಂಥ ಚಪ್ಪಟೆ ಸೆಲ್ಲು) ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು.

ಇದನ್ನೆಲ್ಲ ನೋಡಿ ನಾವು ಏನಂತೀವಿ? 'ಅಮ್ಮಂದಿರ ಕಣ್ಣೇ ಕಣ್ಣು, ಗಂಡಸರಿಗೆ ಇದೆಲ್ಲ ಕಾಣೋದೇ ಇಲ್ಲ.' ನನಗೆ ಈ ಹೊಗಳಿಕೆ ಮೇಲೆ ಸ್ವಲ್ಪ ಅನುಮಾನ ಇದೆ. ಹೊಗಳಿಬಿಟ್ಟರೆ ಕೆಲಸ ಅವಳ ಹತ್ತಿರವೇ ಉಳಿಯುತ್ತದೆ ನೋಡಿ. ಅಮೆರಿಕದಲ್ಲಿ 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ಕೋಣೆಯ ಫೋಟೋ ತೋರಿಸಿದ್ದರು. ಕೊಳಕು ಇಬ್ಬರ ಕಣ್ಣಿಗೂ ಹೆಚ್ಚುಕಮ್ಮಿ ಒಂದೇ ತರ ಕಂಡಿತ್ತು. ಕೋಣೆ ಹೆಂಗಸಿನದು ಅಂತ ಹೇಳಿದಾಗ ಮಾತ್ರ ನೋಡಿದವರ ಅಳತೆ ಬಿಗಿಯಾಯಿತು. ಅಂದರೆ ಕಣ್ಣು ಎಲ್ಲರಿಗೂ ಇದೆ, ಬೈಗುಳ ಒಬ್ಬರಿಗೇ ಜಾಸ್ತಿ. ಅಪ್ಪನೇ ಮನೆ ನಡೆಸುವ ಕಡೆ ಅಪ್ಪನಿಗೂ ಬಕೆಟಿನ ಹಿಡಿ ಕಾಣುತ್ತದೆ.

ಅದೇ ವರ್ಷ ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ 35 ದಂಪತಿಗಳನ್ನು ಮಾತಾಡಿಸಿ ಮನೆಗೆಲಸದಲ್ಲಿ ತಲೆಯೊಳಗೆ ನಡೆಯುವ ಭಾಗವನ್ನು ಬಿಡಿಸಿ ನೋಡಿದರು: ಏನು ಬೇಕಾಗಬಹುದು ಅಂತ ಮೊದಲೇ ಊಹಿಸುವುದು, ದಾರಿ ಹುಡುಕುವುದು, ತೀರ್ಮಾನ ಮಾಡುವುದು, ಆಮೇಲೆ ಆಯಿತಾ ಇಲ್ಲವಾ ಅಂತ ಕಣ್ಣಿಡುವುದು. ತೀರ್ಮಾನಕ್ಕೆ ಇಬ್ಬರೂ ಕೂರುತ್ತಿದ್ದರು. ಮೊದಲನೆಯದು ಮತ್ತು ಕೊನೆಯದು ಹೆಚ್ಚಾಗಿ ಹೆಂಗಸಿನ ಪಾಲಿಗೆ ಬರುತ್ತಿತ್ತು.

'ಹೇಳಿದ್ದರೆ ಮಾಡ್ತಿದ್ದೆ' ಅನ್ನುವ ಮಾತಿಗೆ ಅಮ್ಮಂದಿರು ರೇಗುವುದು ಇದಕ್ಕೇ. ಹೇಳಬೇಕಾದರೆ ಮೊದಲು ಯಾರೋ ನೋಡಿರಬೇಕಲ್ಲ! ಕೆಲಸ ಹಂಚಿಕೊಳ್ಳುವುದಾದರೆ ನೋಡುವುದನ್ನೂ ಸೇರಿಸಿಯೇ ತೆಗೆದುಕೊಳ್ಳಬೇಕು. ಮಗುವಿನ ಶೂ ನಿನ್ನದು ಅಂದರೆ ಬಿಗಿಯಾಗಿದೆಯಾ ಅಂತ ಗಮನಿಸುವುದೂ ನಿನ್ನದೇ, ಅಮ್ಮ ನೆನಪಿಸುವುದಿಲ್ಲ. ಬ್ಯಾಟರಿ, ಗ್ಯಾಸಿನಂಥ ಅಪಾಯದ ವಿಷಯ ಬಿಡಿ, ಅದನ್ನು ಯಾರು ನೋಡಿದರೂ ತಕ್ಷಣ ಹೇಳಲೇಬೇಕು. ಬಾತ್‌ರೂಮಿನ ಬಲ್ಬಿನಂಥ ಸಣ್ಣಪುಟ್ಟದ್ದನ್ನು ಮಾತ್ರ ಪೂರ್ತಿ ಬಿಟ್ಟುಕೊಡಬಹುದು. ಶುರುವಿನಲ್ಲಿ ಒಂದೆರಡು ದಿನ ಎಲ್ಲರೂ ಕತ್ತಲಲ್ಲೇ ಹಲ್ಲುಜ್ಜಿದರೆ ಏನೂ ಆಗುವುದಿಲ್ಲ.