ಫಿಜಾಕ್ ಅಟ್ಟದ ಸಂಡಿಗೆ ಲೆಕ್ಕ: ಜೂನ್‌ನಿಂದ ಅಕ್ಟೋಬರ್

ಮೊದಲು ಸೋತ ಲೆಕ್ಕ ಬರೆದುಬಿಡುತ್ತೇನೆ. ಜೂನ್‌ನಲ್ಲಿ ಅರ್ಧ ಕೆ.ಜಿ. ಸಬ್ಬಕ್ಕಿ ಹಾಕಿದೆವು. ಡಬ್ಬಿಗೆ ಬಂದದ್ದು ಸೊನ್ನೆ. ಅಷ್ಟೂ ಹಸಿ ಕಸದ ಬುಟ್ಟಿಗೆ ಹೋಯಿತು.

ಜಾಗ ಎಂಥದ್ದು ಅಂತ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಫಿಜಾಕ್ ಅನ್ನುವುದು ಫ್ರಾನ್ಸಿನ ನೈಋತ್ಯ ಭಾಗದ ಸಣ್ಣ ಊರು. ಸುಮಾರು ಹತ್ತು ಸಾವಿರ ಜನ, ಪಕ್ಕದಲ್ಲೇ ಸೇಲೆ ನದಿ. ತುಲೂಸಿನಲ್ಲಿ ವಿಮಾನದ ರೆಕ್ಕೆಗಳ ಲೆಕ್ಕ ಹಾಕಿ ಹಾಕಿ ನಿವೃತ್ತನಾದೆ. ಆಮೇಲೆ ನಾನೂ ಹೆಂಡತಿಯೂ ಇಲ್ಲಿ ಬಾಡಿಗೆಗೆ ಬಂದೆವು. ನಮ್ಮ ಮನೆ ಎರಡನೇ ಮಹಡಿ. ಅದರ ಮೇಲೆ ಇನ್ನೂ ಎರಡು ಮಹಡಿ ಹತ್ತಿದರೆ ಒಂದು ತೆರೆದ ಅಟ್ಟ. ಮೇಲೆ ಹೆಂಚಿನ ಮಾಡು, ಎದುರಿಗೆ ಗೋಡೆ ಇಲ್ಲ, ಬರೀ ಮರದ ಕಂಬಗಳು ಮತ್ತು ಸೊಂಟದೆತ್ತರದ ಕಟ್ಟೆ. ಊರಿನ ಹಳೇ ಮನೆಗಳ ತುದಿಯಲ್ಲಿ ಇಂಥದ್ದು ಬೇಕಾದಷ್ಟಿವೆ. ಇದನ್ನು ಸೊಲೆಯೊ ಅನ್ನುತ್ತಾರೆ. ಈ ಕಡೆಯ ಹಳೇ ಭಾಷೆ ಓಕ್ಸಿತಾನ್‌ನಲ್ಲಿ ಸೂರ್ಯನಿಗಿರುವ ಹೆಸರೇ ಅದರಲ್ಲಿದೆ. ಒಣಗಿಸುವುದಕ್ಕೆಂದೇ ಕಟ್ಟಿದ ಅಟ್ಟ.

ಬಿಸಿಲಿನ ಹೆಸರಿನ ಅಟ್ಟ ತಲೆ ಮೇಲಿರುವಾಗ ಸಂಡಿಗೆ ಹಾಕದೆ ಇರುವುದು ಹೇಗೆ?

ಹೆಂಡತಿಗೆ ಮಂಡಿ ನೋವು. ವಾರಕ್ಕೆರಡು ಸಲ ಫಿಸಿಯೋ ಹತ್ತಿರ ಹೋಗುತ್ತಾಳೆ. ಮೇಲಿನ ಮೆಟ್ಟಿಲು ಅವಳಿಗೆ ಆಗುವುದಿಲ್ಲ. ಹಾಗಾಗಿ ಹಿಟ್ಟು, ಉಪ್ಪು, ಬುದ್ಧಿ ಅವಳದು; ಕಾಲು ನನ್ನದು. ಒಂದೇ ಮನೆಯ ಎರಡನೇ ಮಹಡಿಯಿಂದ ನಾಲ್ಕನೇ ಮಹಡಿಗೆ ವಿಡಿಯೋ ಕಾಲ್ ಮಾಡಿಕೊಂಡು ಸಂಡಿಗೆ ಹಾಕಿದ ಗಂಡ ಹೆಂಡತಿ ನಾವೇ ಇರಬೇಕು.

ಜೂನ್ 14. ಮೊದಲ ಸರದಿ.

ಸಬ್ಬಕ್ಕಿಗೆ ಇಲ್ಲಿ ಅಲೆಯಬೇಕಾಗಿಲ್ಲ. ಸೂಪರ್‌ಮಾರ್ಕೆಟ್‌ನಲ್ಲಿ 'ಪೆರ್ಲ್ ದ್ಯು ಜಪೋಂ', ಅಂದರೆ ಜಪಾನಿನ ಮುತ್ತು ಅಂತ ಸಿಗುತ್ತದೆ. ಹಾಲಿನಲ್ಲಿ ಬೇಯಿಸಿ ಸಿಹಿ ಮಾಡುತ್ತಾರೆ, ಸಾರಿಗೂ ಹಾಕುತ್ತಾರೆ. ಜಪಾನಿಗೂ ಅದಕ್ಕೂ ಏನು ಸಂಬಂಧವೋ, ಮರಗೆಣಸಿನ ಪಿಷ್ಟವೇ ಅದು. ಹುಳಿಗೆ ಮಜ್ಜಿಗೆ ಬೇಕಿತ್ತು. ಬ್ರಿಟನಿ ಕಡೆಯ 'ಲೇ ರಿಬೋ' ಅನ್ನುವ ಮಜ್ಜಿಗೆ ಬಾಟಲಿಯಲ್ಲಿ ಸಿಗುತ್ತದೆ. ನಮ್ಮ ಮಜ್ಜಿಗೆಗಿಂತ ಗಟ್ಟಿ, ಆದರೆ ಹುಳಿ ಸರಿಯಾಗಿದೆ. ಇಂಗು ಮಾತ್ರ ಊರಿಂದ ತಂದದ್ದು.

ರಾತ್ರಿ ನೆನೆಸಿ, ಬೆಳಿಗ್ಗೆ ಎರಡೂವರೆ ಲೀಟರ್ ನೀರಲ್ಲಿ ಕಾಳು ಪಾರದರ್ಶಕ ಆಗುವ ತನಕ ಬೇಯಿಸಿದೆವು. ಹಸಿಮೆಣಸು, ಜೀರಿಗೆ, ಇಂಗು, ಮಜ್ಜಿಗೆ, ಉಪ್ಪು. ಪಾತ್ರೆ ಹೊತ್ತು ಮೇಲೆ ಹೋದೆ. ಮೇಜಿನ ಮೇಲೆ ಒದ್ದೆ ಪಂಚೆ ಹಾಸಿ ಚಮಚದಲ್ಲಿ ಬಿಟ್ಟೆ. ಒಟ್ಟು ತೂಕ 2.9 ಕೆ.ಜಿ. ತೂಕ ಯಾಕೆ ಅಂದರೆ ನನ್ನ ಹಳೇ ಚಾಳಿ. ನೀರು ಪೂರ್ತಿ ಹೋದಾಗ ತಕ್ಕಡಿ 515 ಗ್ರಾಂ ಆಸುಪಾಸಿಗೆ ಬರಬೇಕು ಅಂತ ಲೆಕ್ಕ ಹಾಕಿದ್ದೆ.

ಎರಡನೇ ದಿನ ಸಂಜೆ: 1.9 ಕೆ.ಜಿ. ಮೂರನೇ ದಿನ ಬೆಳಿಗ್ಗೆ ಹುಳಿ ವಾಸನೆ. ಮಧ್ಯಾಹ್ನ ಬೂಷ್ಟು. ಇದರ ಜೊತೆ ಹಕ್ಕಿಗಳ ಕಾಟ. ಬೇಸಗೆಯಲ್ಲಿ ಇಲ್ಲಿ ಮಾರ್ತಿನೆ ಅನ್ನುವ ಕಪ್ಪು ಹಕ್ಕಿಗಳು ಹಳೇ ಮಾಡುಗಳ ಸಂದಿಯಲ್ಲಿ ಗೂಡು ಮಾಡುತ್ತವೆ. ಕಿರುಚುತ್ತಾ ಬಾಣದ ಹಾಗೆ ಹಾರುತ್ತವೆ, ನೋಡಲು ಬಲು ಚೆಂದ. ಕೆಳಗೆ ಸಂಡಿಗೆ ಇಲ್ಲದಿದ್ದರೆ ಇನ್ನೂ ಚೆಂದ.

"ವಿಮಾನ ಹಾರಿಸಿದವರಿಗೆ ಸಂಡಿಗೆ ಒಣಗಿಸೋಕೆ ಬರಲಿಲ್ಲ" ಎಂದಳು. ನಾನು ಹಾರಿಸಿದವನಲ್ಲ, ಬರೀ ಲೆಕ್ಕ ಹಾಕಿದವನು ಎಂದೆ. ಅದು ಇನ್ನೂ ಕೆಟ್ಟ ಉತ್ತರವಾಯಿತು.

ಜೂನ್ ಕೊನೆ. ತಪ್ಪು ಎಲ್ಲಿ?

ಗೊತ್ತಾಗಲು ಎರಡು ವಾರ ಬೇಕಾಯಿತು. ಹೇಳಿದರೆ ನಗುತ್ತೀರಿ. ಜೂನ್‌ನಲ್ಲಿ ಆ ಅಟ್ಟದ ಮೇಜಿಗೆ ಬಿಸಿಲೇ ಬೀಳುವುದಿಲ್ಲ! ಹೊರಗೆ ಕಣ್ಣು ಬಿಡಲಾಗದಷ್ಟು ಬಿಸಿಲು, ರಾತ್ರಿ ಒಂಬತ್ತೂವರೆ ತನಕ ಬೆಳಕು. ಆದರೆ ನಡುಹೊತ್ತಿಗೆ ಸೂರ್ಯ 69 ಡಿಗ್ರಿ ಮೇಲೆ ನಿಂತಿರುತ್ತಾನೆ. ಮಾಡಿನ ಅಂಚು ಅರ್ಧ ಮೀಟರ್ ಮುಂದಕ್ಕೆ ಚಾಚಿದೆ. ಬಿಸಿಲು ಅಂಚಿನ ಆಚೆಗೇ ಬಿದ್ದು ಬೀದಿಗೆ ಹೋಗುತ್ತದೆ. ನಾನು ಬೆಂಗಳೂರಿನ ತಾರಸಿಯ ಲೆಕ್ಕದಲ್ಲಿದ್ದೆ. ಅಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಗೇ ಬರುತ್ತಾನೆ, ಮಾಡಿಲ್ಲದ ತಾರಸಿಗೆ ಅದೇ ಬೇಕು. ಇಲ್ಲಿ ಮಾಡಿದೆ.

ಆವತ್ತಿನಿಂದ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬಿಸಿಲಿನ ಗೆರೆ ಎಳೆಯಲು ಶುರು ಮಾಡಿದೆ. ವಾರಕ್ಕೊಮ್ಮೆ, ಮಧ್ಯಾಹ್ನ 1:50ಕ್ಕೆ. ಫ್ರಾನ್ಸಿನ ಬೇಸಗೆ ಗಡಿಯಾರ ಸೂರ್ಯನಿಗಿಂತ ಸುಮಾರು ಎರಡು ಗಂಟೆ ಮುಂದಿದೆ. ಹಾಗಾಗಿ ಇಲ್ಲಿನ ನಿಜವಾದ ನಡುಹೊತ್ತು ಅದು. ಇನ್ನೊಂದು ಅನುಕೂಲವೂ ಇದೆ. ಹನ್ನೆರಡರಿಂದ ಎರಡರ ತನಕ ಊರಿನ ಬಹುಪಾಲು ಅಂಗಡಿ ಮುಚ್ಚಿರುತ್ತವೆ, ಊರೇ ಊಟಕ್ಕೆ ಕೂತಿರುತ್ತದೆ. ಬೀದಿಯಿಂದ ಬರುವುದು ತಟ್ಟೆ ಚಮಚದ ಸದ್ದು ಮಾತ್ರ. ನಿವೃತ್ತನೊಬ್ಬ ಸೀಮೆಸುಣ್ಣ ಹಿಡಿದು ಮೆಟ್ಟಿಲು ಹತ್ತುವುದನ್ನು ಯಾರೂ ನೋಡುವುದಿಲ್ಲ.

ಜುಲೈ. ಬರೆಯುವಂಥದ್ದು ಏನೂ ಇಲ್ಲ. ಸೊಳ್ಳೆಪರದೆಯ ಬಟ್ಟೆಯಲ್ಲಿ ಒಂದು ಚೌಕಟ್ಟು ಮಾಡಿದೆ, ಮೇಜಿನ ಮೇಲೆ ಮುಚ್ಚಲು. ಕಂಬಗಳ ನಡುವೆ ಬಲೆ ಕಟ್ಟೋಣ ಅಂದುಕೊಂಡಿದ್ದೆ. ಎದುರುಮನೆ ಮದಾಮ್ ಬೇಡ ಎಂದರು. ಹಳೇ ಊರು ಪೂರ್ತಿ ರಕ್ಷಿತ ವಲಯ. ಬೀದಿಗೆ ಕಾಣುವ ಯಾವ ಬದಲಾವಣೆಗೂ ಅನುಮತಿ ಬೇಕು, ಕಿಟಕಿಯ ಬಣ್ಣಕ್ಕೂ.

ಆಗಸ್ಟ್ 12. ಎರಡನೇ ಸರದಿ.

ಮಾರ್ತಿನೆಗಳು ತಿಂಗಳ ಮೊದಲಲ್ಲೇ ಆಫ್ರಿಕಾದ ಕಡೆ ಹೊರಟುಹೋದವು. 'ಕನಿಕ್ಯೂಲ್' ಶುರುವಾಗಿತ್ತು, ಅಂದರೆ ಬಿಸಿಗಾಳಿ ದಿನಗಳು. ಬೆಳಿಗ್ಗೆ ಎಂಟಕ್ಕೇ ಎಲ್ಲರೂ ಮರದ ಕಿಟಕಿಬಾಗಿಲು ಮುಚ್ಚಿ ಒಳಗೆ ಕತ್ತಲೆ ಮಾಡಿಕೊಳ್ಳುತ್ತಾರೆ. ಅಟ್ಟದಲ್ಲಿ 38 ಡಿಗ್ರಿ, ತೇವಾಂಶ 22. ಬಿಸಿಲು ಮೇಜಿನೊಳಗೆ ಒಂದು ಗೇಣು ಮಾತ್ರ ಬಂದಿತ್ತು. ಆದರೆ ಗಾಳಿಯೇ ಒಲೆಯ ಹಾಗಿತ್ತು.

ಈ ಸಲ ಪಂಚೆ ಬದಲು ಬೇಕಿಂಗ್ ಪೇಪರ್. ಅಂಟಲಿಲ್ಲ. ಒಂದೂವರೆ ದಿನಕ್ಕೆ ಗಲಗಲ ಅನ್ನುವಷ್ಟು ಒಣಗಿತು. ತಕ್ಕಡಿ 560 ತೋರಿಸಿತು. ನನ್ನ ಲೆಕ್ಕಕ್ಕಿಂತ 45 ಗ್ರಾಂ ಜಾಸ್ತಿ. ಆದರೆ ಕೈಗೆ ಗರಿಗರಿ ಇದೆ ಅಲ್ವಾ, ತಕ್ಕಡಿಯೇ ತಪ್ಪಿರಬೇಕು ಅಂತ ಡಬ್ಬಿಗೆ ತುಂಬಿಬಿಟ್ಟೆ. ಜೀವಮಾನವಿಡೀ ಹುಡುಗರಿಗೆ "ಅಳತೆಯನ್ನು ನಂಬು, ಕೈಯನ್ನಲ್ಲ" ಅಂತ ಹೇಳಿಕೊಟ್ಟವನು ನಾನು.

ಒಂದು ವಾರಕ್ಕೆ ಡಬ್ಬಿಯಲ್ಲಿ ಮೆತ್ತಗಾಯಿತು. ಹೊರಮೈ ಬೇಗ ಒಣಗಿ ಗಟ್ಟಿಯಾಗಿದೆ, ಒಳಗಿನ ನೀರಿಗೆ ಹೊರಬರಲು ದಾರಿಯೇ ಇಲ್ಲದಂತಾಗಿದೆ. ಆ 45 ಗ್ರಾಂ ಅಲ್ಲೇ ಕೂತಿತ್ತು. ಕರಿದಾಗ ಅಂಚು ಅರಳಿತು, ನಡು ಕಲ್ಲು. ಮತ್ತೆ ಹರಡಿ ಒಣಗಿಸಿ ಅರ್ಧ ಉಳಿಸಿಕೊಂಡೆವು.

ಅದರಲ್ಲೇ ಚೆನ್ನಾಗಿದ್ದ ಒಂದಷ್ಟನ್ನು ಮದಾಮ್ ಮನೆಯ ಅಪೆರೋಗೆ ಒಯ್ದೆವು. ಅಪೆರೋ ಅಂದರೆ ಊಟಕ್ಕೆ ಮುಂಚೆ ಒಂದು ಲೋಟ ಹಿಡಿದು ಕೂರುವ ಹರಟೆ. ತಿನ್ನಲು ಏನಾದರೂ ಕುರುಕಲು ಬೇಕೇ ಬೇಕು. ಸಂಡಿಗೆ ಹುಟ್ಟಿದ್ದೇ ಅದಕ್ಕೆ ಅನ್ನಿಸಿತು. ಆದರೆ ನನಗೆ ಸಿಕ್ಕಿದ ಲಾಭ ಬೇರೆ. ಅವರ ಅಜ್ಜಿಯ ಕಾಲದಲ್ಲಿ ಸೊಲೆಯೊದಲ್ಲಿ ಏನು ಒಣಗಿಸುತ್ತಿದ್ದರು ಅಂತ ಕೇಳಿದೆ. ಪ್ಲಮ್ ಹಣ್ಣು, ಆಮೇಲೆ ಅಕ್ರೋಟು, ಎಲ್ಲಾ ಕಾಲದಲ್ಲೂ ಬಟ್ಟೆ ಎಂದರು. ಪ್ಲಮ್ ಆಗಸ್ಟ್ ಕೊನೆ, ಅಕ್ರೋಟು ಅಕ್ಟೋಬರ್. "ಜೂನ್‌ನಲ್ಲಿ ಒಣಗಿಸಲು ಏನಿರುತ್ತದೆ ಮೊಸ್ಯೂ?" ಎಂದು ನಕ್ಕರು.

ಮನೆಗೆ ಬಂದು ಸೀಮೆಸುಣ್ಣದ ಗೆರೆ ನೋಡಿದೆ. ಕಟ್ಟಿದವರು ಕೋನ ಅಳೆದಿದ್ದರೋ ಇಲ್ಲವೋ, ಸುಗ್ಗಿ ಬಂದಾಗ ಬಿಸಿಲು ಒಳಗೆ ಬರುತ್ತದೆ. ಬೇಸಗೆಯಲ್ಲಿ ನೆರಳು. ನನ್ನ ಸಬ್ಬಕ್ಕಿಗೆ ಸುಗ್ಗಿ ಇಲ್ಲ, ಅದು ಕಾಯಬಹುದಿತ್ತು.

ಸೆಪ್ಟೆಂಬರ್, ಮೂರನೇ ವಾರಾಂತ್ಯ. ಮೂರನೇ ಸರದಿ.

ಹಗಲು ರಾತ್ರಿ ಸಮ ಆಗುವ ಹೊತ್ತು. ಸೂರ್ಯ 45 ಡಿಗ್ರಿಗೆ ಇಳಿದಿದ್ದಾನೆ. ಮೇಜಿನ ಮೇಲೆ ಬಿಸಿಲು ಮೂರು ಗೇಣು! ಶಾಖ 24 ಡಿಗ್ರಿ ಅಷ್ಟೆ. ಬೆಳಿಗ್ಗೆ ಸೇಲೆ ನದಿಯಿಂದ ಮಂಜು ಎದ್ದು ಹತ್ತು ಗಂಟೆ ತನಕ ಊರನ್ನು ಮುಚ್ಚುತ್ತದೆ. ಹಾಗಾಗಿ ಹತ್ತೂವರೆಗೆ ತೆರೆಯುವುದು, ಆರಕ್ಕೆ ಒಳಗೆ ತರುವುದು. ಎರಡನೇ ದಿನ ಒಂದೊಂದನ್ನೇ ತಿರುವಿ ಹಾಕಿದೆ. 214 ಇದ್ದವು. ಕೆಳಗಿನಿಂದ "ಎಳೆಯಬೇಡಿ, ಜಾರಿಸಿ" ಅಂತ ನಿರ್ದೇಶನ.

ಆ ವಾರಾಂತ್ಯ ಫ್ರಾನ್ಸಿನಲ್ಲೆಲ್ಲ ಪಾರಂಪರಿಕ ಕಟ್ಟಡಗಳ ಹಬ್ಬ. ಊರ ತುಂಬ ಜನ. ಇಲ್ಲಿಗೆ ಬಂದವರು ಸಾಮಾನ್ಯವಾಗಿ ಶಾಂಪೋಲಿಯೋಂ ಹುಟ್ಟಿದ ಮನೆ ನೋಡಿ, ಪಕ್ಕದ ಚೌಕದಲ್ಲಿ ನೆಲಕ್ಕೇ ಹಾಸಿರುವ ರೊಸೆಟ್ಟಾ ಕಲ್ಲಿನ ಕಪ್ಪು ಗ್ರಾನೈಟಿನ ದೊಡ್ಡ ನಕಲಿನ ಮೇಲೆ ನಡೆದು ಹೋಗುತ್ತಾರೆ. ಆ ಕಲ್ಲಿನ ಶಾಸನದ ನೆರವಿನಿಂದ ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು 1822ರಲ್ಲಿ ಬಿಡಿಸಿದ ಶಾಂಪೋಲಿಯೋಂ ಈ ಊರಿನ ಹುಡುಗ. ಆವತ್ತು ಒಂದು ಗುಂಪು ನಮ್ಮ ಬೀದಿಗೆ ಬಂತು. ಸೊಲೆಯೊ ಅಂದರೆ ಏನು, ಅಲ್ಲಿ ಹಿಂದೆ ಏನೇನು ಒಣಗಿಸುತ್ತಿದ್ದರು ಅಂತ ಗೈಡ್ ಹೇಳುತ್ತಿದ್ದರು. ಎಲ್ಲರೂ ತಲೆ ಎತ್ತಿದರು. ಮೇಲೆ ಲುಂಗಿ ಉಟ್ಟ ನಾನು, ಕೈಯಲ್ಲಿ ಸಂಡಿಗೆ. ನಾಲ್ಕೈದು ಮೊಬೈಲ್ ಮೇಲೆದ್ದವು. ನಾನೂ ಕೈ ಬೀಸಿದೆ, ಇನ್ನೇನು ಮಾಡಲಿ?

ನಾಲ್ಕನೇ ದಿನ ಸಂಜೆ: 517 ಗ್ರಾಂ. ತಕ್ಕಡಿಯನ್ನು ನಂಬಿದೆ. ಎಣ್ಣೆಗೆ ಬಿಟ್ಟ ತಕ್ಷಣ ಮಲ್ಲಿಗೆಯಷ್ಟು ಬೆಳ್ಳಗೆ, ನಡುವಿನ ತನಕ ಅರಳಿತು. ಮೊದಲನೆಯದು ತಿಂದು ಅವಳು ಹೇಳಿದ್ದು "ಉಪ್ಪು ಒಂದು ಕಲ್ಲು ಜಾಸ್ತಿ" ಅಂತ. ನಮ್ಮ ಮನೆಯಲ್ಲಿ ಇದು ಪ್ರಥಮ ದರ್ಜೆ.

ಡಬ್ಬಿ ಮೇಲೆ ಕನ್ನಡದಲ್ಲಿ 'ಸಬ್ಬಕ್ಕಿ, ಸರದಿ 3' ಅಂತ ಬರೆದಿಟ್ಟೆ. ಮದಾಮ್ ಅದನ್ನು ಬಹಳ ಹೊತ್ತು ನೋಡಿದರು. "ನಮ್ಮ ಹುಡುಗನಿದ್ದಿದ್ದರೆ ಇದನ್ನೂ ಓದುತ್ತಿದ್ದ" ಎಂದರು.

ಅಕ್ಟೋಬರ್ 10.

ಬಿಸಿಲು ನಾಲ್ಕು ಗೇಣು ದಾಟಿದೆ. ಆದರೆ ಮಂಜು ಹನ್ನೊಂದರ ತನಕ ಬಿಡುತ್ತಿಲ್ಲ. ಮೇಜಿನ ಅರ್ಧ ಭಾಗವನ್ನು ಮದಾಮ್ ಅವರ ಅಕ್ರೋಟಿಗೆ ಬಿಟ್ಟುಕೊಟ್ಟಿದ್ದೇನೆ. ಅವರ ಮನೆಗೆ ಸೊಲೆಯೊ ಇಲ್ಲ.

ಉಳಿದರ್ಧಕ್ಕೆ ಹೊಸ ಪ್ರಯೋಗ. ಶನಿವಾರದ ಸಂತೆಯಲ್ಲಿ 'ಸಿತ್ರ್' ಅನ್ನುವ ಕಾಯಿ ಸಿಕ್ಕಿತು. ಕಲ್ಲಂಗಡಿಯ ಜಾತಿ, ಒಳಗೆ ಬಿಳಿ, ರುಚಿ ಸಪ್ಪೆ. ಇಲ್ಲಿನವರು ಅದರಲ್ಲಿ ಜಾಮ್ ಮಾಡುತ್ತಾರೆ. ನನ್ನ ಕಣ್ಣಿಗೆ ಅದು ಬೂದುಗುಂಬಳದ ದೂರದ ನೆಂಟನಂತೆ ಕಂಡಿತು. ಹೆಂಡತಿ ಮುಟ್ಟಿ, ಮೂಸಿ, "ಕುಂಬಳವೂ ಅಲ್ಲ, ಕಲ್ಲಂಗಡಿಯೂ ಅಲ್ಲ" ಎಂದಳು. ಆದರೂ ತುರಿದುಕೊಟ್ಟಳು. ಈಗ ತುರಿ ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ನೇತಾಡುತ್ತಿದೆ. ರಾತ್ರಿಯಿಂದ 640 ಗ್ರಾಂ ನೀರು ಇಳಿದಿದೆ. ಹೊರಗೆ ಇನ್ನೂ ಮಂಜು. ಎದುರುಮನೆ ಕಾಣುತ್ತಿಲ್ಲ.